ಅಜ್ಜಿ ಕೊಟ್ಟ ಗಾಳಿ

ನನ್ನ ಎದೆಯಲ್ಲಿ ಆಗ ಎರಡು ನೋವುಗಳಿದ್ದವು. ಒಂದು ಬಲಪಕ್ಕೆಯಲ್ಲಿ, ಉಸಿರು ಎಳೆದಾಗಲೆಲ್ಲ ದಬ್ಬಳದಿಂದ ಚುಚ್ಚಿದಂತೆ. ಇನ್ನೊಂದು ಎದೆಯ ನಟ್ಟನಡುವೆ, ಮೂಳೆಯ ಹಿಂದೆ, ಒಣಮೆಣಸಿನಕಾಯಿ ಹುರಿದ ಘಾಟು ಒಳಗೇ ಸಿಕ್ಕಿಕೊಂಡಂತೆ. ಮೊದಲನೆಯದು ಕಾಯಿಲೆಯ ನೋವು. ಎರಡನೆಯದು ಎಲ್ಲಿಂದ ಬಂತೆಂದು ಮಧುಗಿರಿಯ ಆ ಆಸ್ಪತ್ರೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಎರಡೂ ಬೇರೆ ಬೇರೆ ಎಂಬುದು ಮಾತ್ರ ನನಗೊಬ್ಬಳಿಗೆ ಗೊತ್ತಿತ್ತು. ಹೇಳೋಣವೆಂದರೆ ಮೂಗು ಬಾಯಿ ಮುಚ್ಚಿ ರಬ್ಬರಿನ ಮುಸುಕು ಕಟ್ಟಿದ್ದರು.

ನನಗಾಗ ಹನ್ನೊಂದು ವರ್ಷ. ಮಹಾರಾಜರ ಕಾಲ, ಯುದ್ಧದ ದಿನಗಳು. ನಮ್ಮೂರು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ. ಅಪ್ಪ ಅಲ್ಲಿಯ ಈಶ್ವರನ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ಅವ್ವ ಇರಲಿಲ್ಲ. ನನಗೆ ನಾಲ್ಕು ವರ್ಷವಾಗಿದ್ದಾಗ ಅವಳು ಇದೇ ಪಕ್ಕೆಶೂಲೆಯಲ್ಲಿ, ಉಸಿರು ಸಾಲದೆ, ಮನೆಯ ನಡುಮನೆಯಲ್ಲೇ ಹೋಗಿದ್ದಳು. ಆಮೇಲೆ ಅವ್ವನ ತಾಯಿ ಹಾಲಮ್ಮಜ್ಜಿ ತನ್ನ ಊರು ಬಿಟ್ಟು ಬಂದು ನಮ್ಮ ಜೊತೆಗೇ ಉಳಿದಳು. ನನ್ನನ್ನು ಬೆಳೆಸಿದವಳು ಅವಳೇ.

ಕಾಯಿಲೆ ಶುರುವಾದದ್ದು ಸಾಮಾನ್ಯ ನೆಗಡಿಯಿಂದ. ಮೂರನೆಯ ದಿನ ಚಳಿ ಹತ್ತಿ ಹಲ್ಲು ಕಟಕಟ ಎಂದಿತು. ಅಜ್ಜಿ ಬಿಸಿ ಹೊಟ್ಟಿನ ಗಂಟು ಕಟ್ಟಿ ಪಕ್ಕೆಗೆ ಶಾಖ ಕೊಟ್ಟಳು, ಮೆಣಸು ಶುಂಠಿಯ ಕಷಾಯ ಕುಡಿಸಿದಳು. ಐದನೆಯ ದಿನ ನಾನು ಕೆಮ್ಮಿದಾಗ ತುಕ್ಕಿನ ಬಣ್ಣದ ಕಫ ಬಂತು. ಅದನ್ನು ನೋಡಿದ ಅಜ್ಜಿ ಎದ್ದು ಗುಡಿಗೆ ಹೋಗಿ, ಮಂಗಳಾರತಿಯ ನಡುವೆಯೇ ಅಪ್ಪನನ್ನು ಕರೆದಳಂತೆ.

"ಇವಳವ್ವಂಗೂ ಇಂಗೇ ಬಂದಿತ್ತು ಕಣಪ್ಪ. ಇನ್ನು ಮನೇಲಿಕ್ಕೋಬ್ಯಾಡ."

ಕೊರಟಗೆರೆಯವರೆಗೆ ಗಾಡಿ. ಅಲ್ಲಿಂದ ಮಧುಗಿರಿಗೆ ಬಸ್ಸು. ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಸ್ವಲ್ಪ ಏರು ಬಂದರೂ ನಿಂತುಬಿಡುತ್ತಿತ್ತು. ಜನ ಇಳಿದು ತಳ್ಳುವಾಗ ನಾನು ಒಬ್ಬಳೇ ಒಳಗೆ ಅಜ್ಜಿಯ ತೊಡೆಯ ಮೇಲೆ ಮಲಗಿದ್ದೆ. ಅಪ್ಪನೂ ತಳ್ಳಲು ಇಳಿದಿದ್ದರು. ಅವರ ಉಸಿರಾಟ ಬಸ್ಸಿನ ಹಿಂದಿನಿಂದ ಕೇಳಿಸುತ್ತಿತ್ತು. ಅಷ್ಟು ಸುಲಭವಾಗಿ ಏದುಸಿರು ಬಿಡುವುದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಆಸ್ಪತ್ರೆ ಊರಿನ ಅಂಚಿನಲ್ಲಿ, ಬೆಟ್ಟಕ್ಕೆ ಮುಖ ಮಾಡಿತ್ತು. ಹೆಂಗಸರು ಮಕ್ಕಳ ವಾರ್ಡಿನಲ್ಲಿ ಎಂಟು ಮಂಚ. ಡಾಕ್ಟರಮ್ಮ ಬೆಂಗಳೂರಿನ ಕಡೆಯವರು, ತೆಳ್ಳಗೆ, ಮಾತು ಕಡಿಮೆ. ನನ್ನ ಬೆನ್ನಿಗೆ ಕಿವಿಗೊಳವೆ ಇಟ್ಟು ಕೇಳಿದರು, ಉಗುರು ನೋಡಿದರು. ಉಗುರು ನೇರಳೆ ಬಣ್ಣಕ್ಕೆ ತಿರುಗಿತ್ತು. ನ್ಯುಮೋನಿಯಾ ಎಂದರು. ಸಲ್ಫಾ ಮಾತ್ರೆ ಅರೆದು ಕುಡಿಸಿದರು. ಆಮೇಲೆ ಇಬ್ಬರು ಸೇರಿ ಒಂದು ಕಬ್ಬಿಣದ ಸಿಲಿಂಡರನ್ನು ಉರುಳಿಸಿಕೊಂಡು ಬಂದು ನನ್ನ ಮಂಚದ ತಲೆಯ ಕಡೆ ನಿಲ್ಲಿಸಿದರು. ನನಗಿಂತ ಎತ್ತರವಿತ್ತು. ಅದರ ನೆತ್ತಿಯ ಮೇಲೊಂದು ತಿರುಪು, ಪಕ್ಕದಲ್ಲಿ ನೀರು ತುಂಬಿದ ಗಾಜಿನ ಸೀಸೆ, ಸೀಸೆಯಿಂದ ಒಂದು ಕೊಳವೆ, ಕೊಳವೆಯ ತುದಿಗೆ ಚೀಲ ಜೋತುಬಿದ್ದ ಮುಸುಕು.

ಮುಸುಕು ಕಟ್ಟುವ ಮೊದಲು ನರ್ಸಮ್ಮ ನನ್ನ ಕೊರಳಿನ ಲಿಂಗದ ಕರಡಿಗೆ ತೆಗೆಯಲು ಹೋದರು. ಅದು ಎದೆಯ ಮೇಲೆ ಒತ್ತುತ್ತದೆ ಎಂದರು. ಅಜ್ಜಿ ಅವರ ಕೈ ಹಿಡಿದಳು. "ಲಿಂಗ ಮೈ ಬಿಡಬಾರದು ತಾಯಿ." ಕೊನೆಗೆ ನರ್ಸಮ್ಮನೇ ಒಂದು ಬಟ್ಟೆಪಟ್ಟಿ ಹರಿದು, ಲಿಂಗವನ್ನು ನನ್ನ ಎಡತೋಳಿಗೆ ಕಟ್ಟಿಸಿದರು. ಅವರು ಪಾವಗಡದ ಕಡೆಯವರು, ಹೆಸರು ರತ್ನಮ್ಮ. ಅವರ ಕನ್ನಡದಲ್ಲಿ ಅರ್ಧ ತೆಲುಗೇ ಇರುತ್ತಿತ್ತು.

"ಇದು ಏನು ಗಾಳಿ?" ಎಂದು ಅಜ್ಜಿ ಕೇಳಿದಳು.

"ಪ್ರಾಣವಾಯು ಅಮ್ಮಾ. ಜೀವ ಉಳಿಸೋ ಗಾಳಿ," ಎಂದರು ರತ್ನಮ್ಮ.

ಆ ಮಾತು ಅಜ್ಜಿಯ ಮನಸ್ಸಿನಲ್ಲಿ ಹೇಗೆ ಕೂತಿತು ಎಂಬುದು ಆಮೇಲೆ ತಿಳಿಯಿತು.

ಡಾಕ್ಟರಮ್ಮ ತಿರುಪಿನ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಇಷ್ಟಕ್ಕಿಂತ ಹೆಚ್ಚು ತಿರುಗಿಸಬಾರದು ಎಂದರು. ಉಗುರಿಗೆ ಬಣ್ಣ ಬಂದ ಮೇಲೆ ಆಗಾಗ ಮುಸುಕು ತೆಗೆದು ಬರಿಯ ಗಾಳಿಯಲ್ಲಿ ಬಿಡಬೇಕು ಎಂದೂ ಹೇಳಿದರು. ಮಾರನೆಯ ದಿನ ಅಪ್ಪ ಊರಿಗೆ ಹೊರಟರು. ಗುಡಿಯಲ್ಲಿ ಪೂಜೆಗೆ ಬೇರೆ ಯಾರೂ ಇರಲಿಲ್ಲ. ಹೆಂಗಸರ ವಾರ್ಡಿನಲ್ಲಿ ಗಂಡಸರನ್ನು ಉಳಿಸಿಕೊಳ್ಳುತ್ತಲೂ ಇರಲಿಲ್ಲ. ನನ್ನ ಹಣೆಗೆ ವಿಭೂತಿ ಇಟ್ಟು, "ಸೋಮವಾರ ಬರ್ತೀನಿ" ಎಂದರು. ಮುಸುಕಿನೊಳಗಿಂದ ನಾನು ಏನೋ ಅಂದೆ. ಅವರಿಗೆ ಕೇಳಿಸಲಿಲ್ಲ.

ಆ ಮುಸುಕಿನ ಒಳಗಿನ ಬದುಕನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ರಬ್ಬರಿನ ವಾಸನೆ. ನನ್ನದೇ ಉಸಿರು ಚೀಲದಲ್ಲಿ ಉಬ್ಬುವುದು, ಇಳಿಯುವುದು. ಸೀಸೆಯ ನೀರಿನ ಗುಳುಗುಳು. ಎಲ್ಲರೂ ನನ್ನ ಮೇಲೆ ಬಾಗಿ, ನನ್ನ ಬಗ್ಗೆ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ನಾನು ಮಾತಾಡಲಾರೆನಾದ್ದರಿಂದ ನನಗೆ ಕೇಳಿಸುವುದೂ ಇಲ್ಲವೆಂದು ಅವರು ತಿಳಿದ ಹಾಗಿತ್ತು. ಕಿಟಕಿಯಾಚೆ ಬೆಟ್ಟದ ಒಂಟಿ ಬಂಡೆ, ಅದರ ಬೆನ್ನ ಮೇಲೆ ಹಳೆಯ ಕೋಟೆಯ ಗೋಡೆ. ಬೆಳಿಗ್ಗೆ ಅದು ಕೆಂಪಗೆ, ಮಧ್ಯಾಹ್ನ ಬೂದಿಯ ಹಾಗೆ ಕಾಣುತ್ತಿತ್ತು. ಇಡೀ ದಿನ ನನ್ನ ಜೊತೆಗಿದ್ದದ್ದು ಅದೇ.

ಎರಡು ದಿನಕ್ಕೆ ಜ್ವರ ಇಳಿಯಿತು. ಉಗುರು ಕೆಂಪಗಾಯಿತು. ಡಾಕ್ಟರಮ್ಮ ಹೇಳಿದ್ದಂತೆ ರತ್ನಮ್ಮ ಮುಸುಕು ತೆಗೆದು ಪಕ್ಕಕ್ಕಿಟ್ಟು, "ಒಂದು ಗಂಟೆ ಹೀಗೇ ಇರಲಿ" ಎಂದು ಹೋದರು. ನನಗೆ ಸ್ವಲ್ಪ ಏದುಸಿರು ಬಂತು. ಅಜ್ಜಿಗೆ ಅಷ್ಟೇ ಸಾಕಾಯಿತು.

"ಕೊಟ್ಟಂಗೆ ಮಾಡಿ ಕಿತ್ಕೊಂತಾರೆ," ಎಂದು ಗೊಣಗಿದಳು. ಆ ಕಡೆ ಈ ಕಡೆ ನೋಡಿದಳು. ಮುಸುಕನ್ನು ಎತ್ತಿ ನನ್ನ ಮುಖಕ್ಕೆ ಇಟ್ಟು, ಎದ್ದು ನಿಂತು, ಸೀಮೆಸುಣ್ಣದ ಗೆರೆ ದಾಟಿಸಿ ತಿರುಪು ತಿರುಗಿಸಿದಳು. ಸೀಸೆಯ ನೀರು ಕುದಿಯುವ ಎಸರಿನ ಹಾಗೆ ಎದ್ದಿತು.

"ಉಸ್ರು ತಕ್ಕೋ ಕಣವ್ವ. ಚೆಂದಾಗಿ ತಕ್ಕೋ. ಯಾರ್ಗೂ ಏಳಬ್ಯಾಡ."

ಸುಳ್ಳು ಹೇಳಬಾರದು, ನನಗೆ ಆಗ ಸಂತೋಷವಾಯಿತು. ಅಷ್ಟು ಜನರ ನಡುವೆ ನನಗಾಗಿ ಒಬ್ಬರು ಕದ್ದು ಏನನ್ನೋ ಕೊಡುತ್ತಿದ್ದಾರೆ ಅನ್ನಿಸಿತು. ರತ್ನಮ್ಮನ ಚಪ್ಪಲಿಯ ಸದ್ದು ಕೇಳಿಸಿದರೆ ಅಜ್ಜಿ ತಿರುಪನ್ನು ಗೆರೆಗೆ ತರುತ್ತಿದ್ದಳು, ಮುಸುಕು ತೆಗೆಯುತ್ತಿದ್ದಳು. ಅವರು ಹೋದ ಮೇಲೆ ಮತ್ತೆ ಹಾಕುತ್ತಿದ್ದಳು. ಎರಡು ವಾರ್ಡಿಗೆ ಸೇರಿ ರತ್ನಮ್ಮ ಒಬ್ಬರೇ. ದಿನದ ಬಹುಪಾಲು ಹೊತ್ತು ಆ ತಿರುಪು ಅಜ್ಜಿಯ ಕೈಯಲ್ಲೇ ಇತ್ತು.

ಅಜ್ಜಿ ಹೀಗೆ ಕದ್ದು ಕೊಡತೊಡಗಿದ ಎರಡನೆಯ ದಿನದ ಹೊತ್ತಿಗೆ ಎದೆಯ ನಡುವೆ ಆ ಘಾಟು ಶುರುವಾಯಿತು. ಮೊದಲು ಒಣಕೆಮ್ಮು, ಕಫವಿಲ್ಲದ್ದು. ಆಮೇಲೆ ಆಳವಾಗಿ ಉಸಿರು ಎಳೆದರೆ ಒಳಗೆ ಉರಿ. ಗಂಜಿ ಕಂಡರೆ ವಾಕರಿಕೆ. ಪಕ್ಕೆಯ ಚುಚ್ಚು ಕಡಿಮೆಯಾಗಿತ್ತು, ಇದು ಹೆಚ್ಚಾಗುತ್ತಿತ್ತು. ಉಸಿರು ಮತ್ತೆ ಗಿಡ್ಡವಾಯಿತು. ಡಾಕ್ಟರಮ್ಮ ಬಂದು ಬೆನ್ನಿನ ಮೇಲೆ ಬಹಳ ಹೊತ್ತು ಕೇಳಿದರು. ಹುಬ್ಬು ಗಂಟಾಯಿತು.

"ಇನ್ನೊಂದು ಕಡೆಗೂ ಹಬ್ಬಿರಬೇಕು," ಎಂದರು ರತ್ನಮ್ಮನಿಗೆ. "ಗಾಳಿ ಸ್ವಲ್ಪ ಹೆಚ್ಚಿಸಿ. ಮುಸುಕು ತೆಗೀಬೇಡಿ. ತಂದೆಗೆ ಹೇಳಿ ಕಳಿಸಿ."

ತಂದೆಗೆ ಹೇಳಿ ಕಳಿಸುವುದು ಎಂದರೆ ಏನೆಂದು ಹನ್ನೊಂದು ವರ್ಷದವಳಿಗೂ ಗೊತ್ತಾಗುತ್ತದೆ. ಅಜ್ಜಿಗೂ ಗೊತ್ತಾಯಿತು. ಅವರು ಹೋದ ಕೂಡಲೇ ಅವಳು ಅವರು ಎಳೆದಿದ್ದ ಹೊಸ ಗೆರೆಯನ್ನೂ ದಾಟಿಸಿದಳು. ನನ್ನ ಸ್ಥಿತಿ ಕೆಟ್ಟಷ್ಟೂ ಅವಳು ಹೆಚ್ಚು ಕೊಟ್ಟಳು, ಹೆಚ್ಚು ಕೊಟ್ಟಷ್ಟೂ ನಾನು ಇನ್ನೂ ಕೆಟ್ಟೆ. ಅವಳ ಮುಖ ನನ್ನ ಮುಖದ ಹತ್ತಿರವೇ ಇರುತ್ತಿತ್ತು. ಕಣ್ಣು ರೆಪ್ಪೆ ಮಿಟುಕಿಸುತ್ತಿರಲಿಲ್ಲ. ಸಾಯುವುದು ನಾನು, ಆದರೆ ಆ ಭಯ ಅವಳದ್ದು ಅನ್ನಿಸುತ್ತಿತ್ತು. ಹಾಗಾಗಿ ನನ್ನ ಭಯವನ್ನು ಇಟ್ಟುಕೊಳ್ಳಲು ಎಲ್ಲೂ ಜಾಗವಿರಲಿಲ್ಲ.

ಮುಸುಕು ಕಟ್ಟಿದಾಗ ಗಾಳಿ ಸಿಹಿಯಾಗಿರಬೇಕಿತ್ತು. ಆದರೆ ಒಮ್ಮೆ ಅಜ್ಜಿ ಬಟ್ಟೆ ಒಗೆಯಲು ಬಾವಿಯ ಕಡೆ ಹೋಗಿದ್ದಾಗ ಮುಸುಕು ಸ್ವಲ್ಪ ಜಾರಿ, ಕಿಟಕಿಯ ಗಾಳಿ ಬಂತು. ಉಸಿರು ಸಾಲಲಿಲ್ಲ ನಿಜ, ಆದರೆ ಎದೆಯ ಉರಿ ಅಷ್ಟರ ಮಟ್ಟಿಗೆ ತಣ್ಣಗಾಯಿತು. ನಾನು ಬೇಕೆಂದೇ ಇನ್ನಷ್ಟು ಜಾರಿಸಿದೆ. ಅಜ್ಜಿ ಬಂದು ನೋಡಿ ಗಾಬರಿಯಾಗಿ ದಾರವನ್ನು ಬಿಗಿಯಾಗಿ ಕಟ್ಟಿದಳು. ಆಗ ನನಗೆ ಮೊದಲ ಬಾರಿಗೆ, ನನ್ನ ಕಾಯಿಲೆ ಆ ಕೊಳವೆಯಿಂದಲೂ ಬರುತ್ತಿರಬಹುದು ಅನ್ನಿಸಿತು.

ಹೇಳಬೇಕು. ಹೇಳಿದರೆ ಅಜ್ಜಿಯನ್ನು ಹಿಡಿದುಕೊಟ್ಟ ಹಾಗೆ. ಹೇಳದಿದ್ದರೆ ಉರಿ. ಇದನ್ನು ಕೇಳಲು ಪಕ್ಕದಲ್ಲಿ ಯಾರಿದ್ದರು? ಇದ್ದವಳು ಅಜ್ಜಿ ಒಬ್ಬಳೇ. ಅವಳಿಗೇ ಹೇಳಲು ನೋಡಿದೆ. "ಉರಿ" ಎಂದೆ, ಮುಸುಕಿನೊಳಗಿಂದ. ಅವಳಿಗೆ "ಉಸಿರು" ಎಂದು ಕೇಳಿಸಿರಬೇಕು. "ಕೊಡ್ತೀನಿ ತಡಿ" ಎಂದು ಮತ್ತೆ ತಿರುಪಿಗೆ ಕೈ ಹಾಕಿದಳು.

ಮಾರನೆಯ ಬೆಳಿಗ್ಗೆ ಅಜ್ಜಿ ಗಂಜಿ ಕಾಯಿಸಲು ಹಿಂದಿನ ಅಡಿಗೆ ಚಪ್ಪರಕ್ಕೆ ಹೋಗಿದ್ದಳು. ರತ್ನಮ್ಮ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು ನೋಡಿ ಡಾಕ್ಟರಮ್ಮನನ್ನು ಕರೆದರು.

"ಈ ಹೊಸ ಸಿಲಿಂಡರು ನಾಲ್ಕು ದಿನ ಬರಬೇಕಿತ್ತು ಅಮ್ಮಾ. ಎರಡು ದಿನಕ್ಕೇ ಆಯಿಪೋಯಿಂದಿ, ಮುಗಿದೇಹೋಯ್ತು. ಎಲ್ಲಾದರೂ ಸೋರ್ತಿದೆಯೋ ಏನೋ."

ಡಾಕ್ಟರಮ್ಮ ಕೊಳವೆಯನ್ನು ಬೆರಳಿನಿಂದ ಸವರಿ ನೋಡಿದರು. ಸೋರುತ್ತಿರಲಿಲ್ಲ. ರತ್ನಮ್ಮ ನನ್ನ ಮುಖ ಒರೆಸಲು ಮುಸುಕು ಬಿಚ್ಚಿದರು. ನನ್ನ ತುಟಿ ಒಡೆದಿತ್ತು. ಅವರು ಒದ್ದೆ ಬಟ್ಟೆ ಇಟ್ಟು, "ಏಂ ಬಂಗಾರು, ನೋವು ಎಲ್ಲಿ?" ಎಂದು ಕೇಳಿದರು. ಆ ಆಸ್ಪತ್ರೆಯಲ್ಲಿ ಅದನ್ನು ಮುಸುಕು ಬಿಚ್ಚಿ ಕೇಳಿದ್ದು ಅದೇ ಮೊದಲು.

ನಾನು ಪಕ್ಕೆ ಮುಟ್ಟಿ ತೋರಿಸಿ, "ಇದು ಹಳೇದು," ಎಂದೆ. ಎದೆಯ ನಡುವೆ ಕೈ ಇಟ್ಟು, "ಇದು ಇಲ್ಲಿಗೆ ಬಂದ ಮೇಲೆ. ಉರೀತೈತೆ. ಗಾಳಿ ಜಾಸ್ತಿ ಆದಾಗ ಉರೀತೈತೆ," ಎಂದೆ.

"ಗಾಳಿ ಯಾವಾಗ ಜಾಸ್ತಿ ಆಯ್ತು?" ಎಂದರು ಡಾಕ್ಟರಮ್ಮ.

ನಾನು ಬೆಟ್ಟದ ಕಡೆ ನೋಡಿದೆ. "ಅಜ್ಜಿ ತಿರುಗಿಸ್ತಾಳೆ. ನೀವು ಹೋದ್ಮೇಲೆ."

ಹೇಳಿ ಮುಗಿಸಿ ತಿರುಗಿದಾಗ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಕೈಯಲ್ಲಿ ಗಂಜಿಯ ಚೊಂಬು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

ಡಾಕ್ಟರಮ್ಮ ಕೂಗಾಡಲಿಲ್ಲ. ಸ್ಟೂಲು ಎಳೆದು ಅಜ್ಜಿಯನ್ನು ಕೂರಿಸಿದರು. "ಲಾಂದ್ರದ ಬತ್ತಿ ಜಾಸ್ತಿ ಎತ್ತಿದರೆ ಏನಾಗುತ್ತೆ ಅಜ್ಜಿ?"

ಅಜ್ಜಿ, "ಬುರುಡೆಗೆ ಮಸಿ ಹಿಡೀತದೆ," ಎಂದಳು.

"ಇದೂ ಹಾಗೇ. ಎದೆಯೊಳಗಿನ ಉಸಿರಿನ ಚೀಲ ಹೂವಿನ ಹಾಗೆ. ಈ ಗಾಳಿ ಬೇಕು, ಇಲ್ಲದಿದ್ದರೆ ಮಗು ಉಳೀತಾನೇ ಇರಲಿಲ್ಲ. ಆದರೆ ಬರೀ ಇದನ್ನೇ, ಇಷ್ಟು ಹೊತ್ತು ಕೊಟ್ಟರೆ ಒಳಗೆಲ್ಲ ಸುಟ್ಟ ಹಾಗಾಗುತ್ತೆ."

"ಜೀವದ ಗಾಳಿ ಅಂದ್ರಲ್ಲ ತಾಯಿ," ಎಂದಳು ಅಜ್ಜಿ. ದನಿ ಬಹಳ ಸಣ್ಣಗಿತ್ತು. "ಜೀವ ಎಚ್ಚಾದ್ರೆ ಸಾಯ್ತಾರಾ?"

ಡಾಕ್ಟರಮ್ಮ, "ನಾನೂ ತಪ್ಪು ತಿಳಿದೆ. ಕಾಯಿಲೆ ಹಬ್ಬಿತು ಅಂದುಕೊಂಡು ನಾನೂ ಹೆಚ್ಚಿಸಿದೆ," ಎಂದರು. ಆಮೇಲೆ, ಇನ್ನು ಮೇಲೆ ಮಂಚದ ಹತ್ತಿರ ಯಾರೂ ಇರುವುದು ಬೇಡ, ಬೇಕಾದರೆ ಜಗಲಿಯಲ್ಲಿ ಇರಿ ಎಂದರು.

ಅಜ್ಜಿ ಚೊಂಬನ್ನು ಕಿಟಕಿಯ ಮೇಲಿಟ್ಟಳು. ನನ್ನ ಕಡೆ ಬಂದಳು, ಮುಟ್ಟಲಿಲ್ಲ. ಜಗಲಿಯಲ್ಲೂ ಕೂರಲಿಲ್ಲ. ಅವತ್ತೇ ಬಂದ ಅಪ್ಪನಿಗೆ ಎಲ್ಲ ಹೇಳಿ, ಅವರ ಜೊತೆಗೇ ಊರಿಗೆ ಹೋಗಿಬಿಟ್ಟಳು. ಕಿಟಕಿಯಿಂದ ಅವಳ ಬೆನ್ನು ಕಾಣಿಸಿತು. ಒಮ್ಮೆ ತಿರುಗಿ ನೋಡುತ್ತಾಳೆ ಎಂದು ಕಾದೆ.

ಆಮೇಲಿನ ಒಂಬತ್ತು ದಿನ ನಾನು ಒಬ್ಬಳೇ ಇದ್ದೆ. ಮೊದಲು ಗೆರೆ ಇಳಿಸಿದರು, ಆಮೇಲೆ ಮುಸುಕು ತೆಗೆಯತೊಡಗಿದರು. ಮುಸುಕು ತೆಗೆದಾಗ ಆಗುವ ಭಯವನ್ನು ನಾನು ಎಣಿಸಿರಲಿಲ್ಲ. ಉರಿ ಕೊಡುತ್ತಿದ್ದ ಅದನ್ನೇ ಹಾಕಿ ಎಂದು ರತ್ನಮ್ಮನ ಸೆರಗು ಹಿಡಿದು ಬೇಡಿದೆ. ಅಜ್ಜಿ ಯಾಕೆ ಹಾಗೆ ಮಾಡಿದಳೆಂದು ನನಗೆ ಅರ್ಥವಾದದ್ದು ಆಗ.

ರತ್ನಮ್ಮ ಬಿಡುವಾದಾಗಲೆಲ್ಲ ಮಂಚದ ಅಂಚಿನಲ್ಲಿ ಕೂರುತ್ತಿದ್ದರು. ನನ್ನ ಬೆನ್ನ ಮೇಲೆ ಕೈ ಇಟ್ಟು, "ನನ್ನ ಜೊತೆ ಎಣಿಸು. ಒಕಟಿ... ರೆಂಡು... ಮೂಡು..." ಅನ್ನುತ್ತಿದ್ದರು. ಒಂದೊಂದು ಅಂಕಿಗೆ ಒಂದೊಂದು ಉಸಿರು. ಮೊದಲ ದಿನ ಹದಿನೈದಕ್ಕೆ ಮುಸುಕು ಬೇಕಾಯಿತು. ಮೂರನೆಯ ದಿನ ನೂರು ದಾಟಿದೆ. ನನಗೆ ತೆಲುಗಿನಲ್ಲಿ ನೂರರವರೆಗೆ ಎಣಿಸಲು ಬಂದದ್ದು ಹೀಗೆ. ಎದೆಯ ಘಾಟು ದಿನದಿನಕ್ಕೂ ಇಳಿಯಿತು. ಅವರು ಎದ್ದು ಬೇರೆ ಮಂಚಕ್ಕೆ ಹೋದಾಗ ವಾರ್ಡು ಎಷ್ಟು ದೊಡ್ಡದಾಗಿ ಕಾಣುತ್ತಿತ್ತೆಂದರೆ, ನಾನು ಕಣ್ಣು ಮುಚ್ಚಿಕೊಂಡು ಎಣಿಸುತ್ತಲೇ ಇರುತ್ತಿದ್ದೆ.

ಹೊರಡುವ ದಿನ ಅಪ್ಪ ಡಾಕ್ಟರಮ್ಮನನ್ನು ಕೇಳಿದರು: "ನಮ್ಮತ್ತೆಯಿಂದಲೇ ಹೀಗಾಯಿತೇ ತಾಯಿ?"

"ಕಾಯಿಲೆಯಿಂದ ಎಷ್ಟು, ಗಾಳಿಯಿಂದ ಎಷ್ಟು ಅಂತ ನನಗೂ ಬಿಡಿಸಿ ಹೇಳೋಕಾಗಲ್ಲ," ಎಂದರು ಅವರು. "ನಾವೂ ಇನ್ನೂ ಕಲೀತಾ ಇದ್ದೀವಿ. ನಿಮ್ಮತ್ತೆಗೆ ಅಷ್ಟು ಹೇಳಿ."

ಅಪ್ಪ ಹೇಳಿದರೋ ಇಲ್ಲವೋ ತಿಳಿಯದು. ಮನೆಗೆ ಬಂದರೆ ಅಜ್ಜಿ ಆರತಿ ಎತ್ತಲು ಪಕ್ಕದ ಮನೆಯವರನ್ನು ಕರೆದಿದ್ದಳು. ನನ್ನ ತಲೆಗೆ ಎಣ್ಣೆ ಹಚ್ಚಲು, ನೀರು ಹಾಕಲು ಅವರೇ ಬಂದರು. ಅಜ್ಜಿ ಒಲೆಯ ಮುಂದೆ ಕೂತು ಬೆನ್ನು ತೋರಿಸುತ್ತಿದ್ದಳು. "ಅವ್ಳಿಗೆ ಇನ್ನೊಂದು ತುತ್ತು ಮುದ್ದೆ ಬೇಕಾ ಕೇಳು," ಎಂದು ಅಪ್ಪನಿಗೆ ಹೇಳುತ್ತಿದ್ದಳು. ನಾನು ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದೆ. ಹೇಳಿಬಿಟ್ಟೆನಲ್ಲ ಎಂದು ಅವಳಿಗೆ ಸಿಟ್ಟು ಎಂದುಕೊಂಡೆ. ಆಸ್ಪತ್ರೆಯ ಮಂಚಕ್ಕಿಂತ ಆ ಅಡಿಗೆಮನೆಯಲ್ಲಿ ನನಗೆ ಹೆಚ್ಚು ಒಂಟಿತನವಾಯಿತು.

ಹತ್ತು ಹನ್ನೆರಡು ದಿನ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಅಪ್ಪ ಗುಡಿಯಲ್ಲಿದ್ದರು. ನನಗೆ ಊಟಕ್ಕೆ ಹಾಕಲು ಬೇರೆ ಯಾರೂ ಇರಲಿಲ್ಲ. ಅಜ್ಜಿ ಪಾತ್ರೆಗಳನ್ನು ನನ್ನ ಮುಂದೆ ತಂದಿಟ್ಟು, "ನೀನೇ ಆಕ್ಕೊಂಡು ಉಣ್ಣು," ಎಂದು ತಿರುಗಿದಳು.

"ನನ್ ಮೇಲೆ ಕ್ವಾಪನಾ ಅಜ್ಜಿ?"

ಅವಳು ಅಲ್ಲೇ ನಿಂತಳು. "ನಿನ್ ಮ್ಯಾಲೆ ಯಾಕವ್ವ." ಆಮೇಲೆ ಗೋಡೆಗೆ ಹೇಳುವ ಹಾಗೆ ಹೇಳಿದಳು: "ನಿಮ್ಮವ್ವಂಗೆ ಕೊಡಕ್ಕೆ ಏನೂ ಇರಲಿಲ್ಲ. ಬೀಸಣಿಗೇಲಿ ಬೀಸ್ತಾ ಕೂತಿದ್ದೆ. ನಿಂಗೆ ಕೊಡಕ್ಕಿತ್ತು. ಕೊಟ್ಟು ಕೊಲ್ಲಕ್ಕೋದೆ. ಎಷ್ಟಕ್ಕೆ ನಿಲ್ಲಿಸಬೇಕು ಅನ್ನಾದು ಈ ಕೈಗೆ ತಿಳಿಯಾಕಿಲ್ಲ ಕಣವ್ವ."

ನಾನು ತಟ್ಟೆ ಮುಂದಕ್ಕೆ ತಳ್ಳಿದೆ. "ನಾನೇಳ್ತೀನಿ. ನೀನೇ ಹಾಕು. ಸಾಕಾದಾಗ ಸಾಕು ಅಂತೀನಿ."

ಅವಳು ಕೂತಳು. ಸೌಟಿನಿಂದ ಅನ್ನದ ಮೇಲೆ ಮಜ್ಜಿಗೆ ಬಿಟ್ಟಳು.

"ಸಾಕಾ?"

"ಇನ್ನೊಂದ್ ಚೂರು."

"ಸಾಕಾ?"

"ಸಾಕು."

ಅವಳು ನಿಲ್ಲಿಸಿದಳು. ಆಮೇಲೆ ನಾನು ಉಣ್ಣುವುದನ್ನು ನೋಡುತ್ತಾ, ಹಣೆಗೆ ಅಂಟಿದ್ದ ನನ್ನ ಕೂದಲನ್ನು ಹಿಂದಕ್ಕೆ ಸರಿಸಿದಳು.

ನನಗೆ ಮದುವೆಯಾಗಿ ಸಿರಾಕ್ಕೆ ಹೋಗುವವರೆಗೂ ಅಜ್ಜಿಯೇ ಬಡಿಸಿದಳು. ಎಲ್ಲರ ಮನೆಯಲ್ಲೂ ಸಾಕು ಎಂದ ಮೇಲೆ ಒಂದು ಸೌಟು ಬೀಳುತ್ತದೆ, ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬೀಳುತ್ತದೆ. ಮೊದಲು ನಮ್ಮ ಮನೆಯಲ್ಲೂ ಹಾಗೇ ಇತ್ತು. ಆ ಕಾಯಿಲೆಯ ಮೇಲೆ ನನ್ನ ಅಜ್ಜಿ ನಾನು ಸಾಕು ಎಂದ ಕಡೆಯೇ ನಿಲ್ಲಿಸುತ್ತಿದ್ದಳು, ಒಂದು ತೊಟ್ಟೂ ಹೆಚ್ಚು ಬಿಡದೆ. ನಾನು ಮಾತ್ರ ಹಸಿವು ತೀರಿದ ಮೇಲೂ, ಅವಳ ಕೈ ನನ್ನ ತಟ್ಟೆಯ ಮೇಲೆ ಇನ್ನಷ್ಟು ಹೊತ್ತು ಇರಲಿ ಎಂದು, ಸಾಕು ಅನ್ನುವುದನ್ನು ತಡಮಾಡುತ್ತಿದ್ದೆ.